‘ಮತ್ತು ವೃಂದ’ದ ವಾದಕನೊಬ್ಬನ ಹತ್ತು ರಾಗಗಳು

(ತುಮಕೂರಿನಲ್ಲಿ ಸಂಗೀತಾಸಕ್ತ ಗೆಳೆಯರ ತಿಂಗಳ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನ ನಡುವೆ ಧ್ವನಿಮುದ್ರಣವನ್ನು ಕೇಳಿಸಿದ ಕಡೆಗಳಲ್ಲಿ ಕೇಳಿದ್ದನ್ನು ವಿವರಿಸುವ ಕೆಲವು ವಾಕ್ಯಗಳನ್ನು ಸೇರಿಸಿದ್ದೇನೆ.)

ಸಭೆಗೆ ನಮಸ್ಕಾರ.

ನಮ್ಮ ಜಿಲ್ಲೆಯಲ್ಲಿ ಶಿವರಾತ್ರಿ ಕಳೆದು ಹೊಲದ ಕೆಲಸ ಕಡಿಮೆಯಾದ ಮೇಲೆ ಯಾವ ಊರಿನ ಬಸ್ ನಿಲ್ದಾಣದಲ್ಲಿ ನಿಂತರೂ ಕುರುಕ್ಷೇತ್ರ ನಾಟಕದ ಪೋಸ್ಟರ್ ಒಂದಾದರೂ ಕಣ್ಣಿಗೆ ಬೀಳುತ್ತದೆ. ದುರ್ಯೋಧನನ ಪಾತ್ರಧಾರಿಯ ಭಾವಚಿತ್ರ ಎಲ್ಲರದಕ್ಕಿಂತ ದೊಡ್ಡದಾಗಿರುತ್ತದೆ; ಆ ಪಾತ್ರಕ್ಕೆ ಅವರು ಕಟ್ಟಿರುವ ಹಣವೂ ದೊಡ್ಡದೇ. ಅವರ ಅಕ್ಕಪಕ್ಕ ಕೃಷ್ಣ, ಭೀಮ, ಕರ್ಣ ಇರುತ್ತಾರೆ. ಕೆಳಗೆ ಸೀನರಿಯವರ ಹೆಸರು, ಅದರ ಕೆಳಗೆ ಹಾರ್ಮೋನಿಯಂ ಮೇಷ್ಟ್ರ ಹೆಸರು, ಅದರ ಮುಂದೆ ‘ಮತ್ತು ವೃಂದ’ ಎಂಬ ಎರಡು ಪದ. ತಬಲ, ಕ್ಲಾರಿಯೊನೆಟ್, ರಿದಂ ಪ್ಯಾಡ್, ಕೀಬೋರ್ಡ್ ಎಲ್ಲವೂ ಆ ಎರಡು ಪದಗಳ ಒಳಗೇ ಇರುತ್ತವೆ. ಹದಿನೆಂಟು ವರ್ಷ ಕೀಬೋರ್ಡ್ ಇಟ್ಟುಕೊಂಡು ಅವುಗಳ ಒಳಗೆ ಕುಳಿತಿದ್ದವನು ನಾನು. ದೂರಲು ಇದನ್ನು ಹೇಳುತ್ತಿಲ್ಲ. ಇಂದು ನಾನು ಮಾತನಾಡಲಿರುವ ಆಲ್ಬಮ್ಮನ್ನು ಯಾವ ಜಾಗದಲ್ಲಿ ಕುಳಿತು ಕೇಳಿದೆನೆಂಬುದು ನಿಮಗೆ ಮೊದಲೇ ತಿಳಿದಿದ್ದರೆ ಒಳ್ಳೆಯದು, ಅಷ್ಟೆ.

ಮುಂಬೈಯ ಹಿಂದಿ ಚಿತ್ರಸಂಗೀತದ ವೃಂದದಲ್ಲಿ 1960ರ ದಶಕದಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಗಿಟಾರ್, ಬೇಸ್ ಗಿಟಾರ್ ಮತ್ತು ವಿದ್ಯುತ್ತಿನಿಂದ ನಾದ ಹುಟ್ಟಿಸುವ ಸಿಂಥಸೈಜರ್ ನುಡಿಸಿದ ಚರಣ್‌ಜಿತ್ ಸಿಂಗ್ ಅವರು 1982ರಲ್ಲಿ ಒಂದು ಎಲ್‌ಪಿ ರೆಕಾರ್ಡನ್ನು ಹೊರತಂದರು. ಪ್ರಕಾಶಕರು ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ. ಹೆಸರು ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’. ಶಂಕರ್–ಜೈಕಿಶನ್, ಆರ್.ಡಿ. ಬರ್ಮನ್, ಲಕ್ಷ್ಮೀಕಾಂತ್–ಪ್ಯಾರೇಲಾಲ್ ಅವರಂಥ ನಿರ್ದೇಶಕರ ಬಳಿ ಕೆಲಸ ಮಾಡಿದ್ದ ಈ ವಾದಕರ ಹೆಸರಿನಲ್ಲಿ ಚಿತ್ರಗೀತೆಗಳನ್ನು ವಾದ್ಯದಲ್ಲಿ ನುಡಿಸಿದ ರೆಕಾರ್ಡುಗಳು ಮೊದಲೂ ಬಂದಿದ್ದವು. ಆದರೆ ಅಲ್ಲೆಲ್ಲ ಹೆಸರು ಅವರದು, ಧಾಟಿ ಬೇರೆಯವರದು. ಈ ಎಲ್‌ಪಿಯಲ್ಲಿ ಮಾತ್ರ ಇನ್ನೊಬ್ಬ ನಿರ್ದೇಶಕನ ಒಂದು ಸಾಲೂ ಇಲ್ಲ. ರೆಕಾರ್ಡು ಮಾರಾಟವಾಗಲಿಲ್ಲ, ಜನ ಮರೆತರು. 2002ರಲ್ಲಿ ಎಡೊ ಬೌಮನ್ ಎಂಬ ಡಚ್ ಸಂಗ್ರಾಹಕರಿಗೆ ದೆಹಲಿಯ ಅಂಗಡಿಯೊಂದರಲ್ಲಿ ಅದರ ಪ್ರತಿ ಸಿಕ್ಕಿತು. 2010ರಲ್ಲಿ ಅವರು ಅದನ್ನು ತಮ್ಮ ಬಾಂಬೆ ಕನೆಕ್ಷನ್ ಲೇಬಲ್‌ನಲ್ಲಿ ಮರುಮುದ್ರಿಸಿದರು. ಆಗ ಯುರೋಪಿನ ನೃತ್ಯಸಂಗೀತದ ಜನ ಬೆಚ್ಚಿಬಿದ್ದರು. ಅವರು ಬೆಚ್ಚಿಬಿದ್ದ ಕಾರಣಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ಆ ಕಾರಣವೇ ಈ ಆಲ್ಬಮ್ಮನ್ನು ಸರಿಯಾಗಿ ಕೇಳುವುದಕ್ಕೆ ಅಡ್ಡ ಬಂದಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಆ ಕಾಲದ ಗಾಳಿ ಯಾವ ಕಡೆಗೆ ಬೀಸುತ್ತಿತ್ತೆಂದು ನೆನಪಿಸಿಕೊಳ್ಳೋಣ. 1980ರಲ್ಲಿ ‘ಕುರ್ಬಾನಿ’ ಚಿತ್ರದ ಒಂದು ಹಾಡು ದೇಶವನ್ನೇ ಕುಣಿಸಿತು. ಅದಕ್ಕೆ ಲಂಡನ್ನಿನಿಂದ ಡಿಸ್ಕೊ ಶಬ್ದವನ್ನು ತಂದು ಕೊಟ್ಟ ಬಿದ್ದು ಅವರು ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು ಎಂಬುದು ನಮ್ಮವರಲ್ಲಿ ಅನೇಕರಿಗೆ ಇಂದಿಗೂ ಗೊತ್ತಿಲ್ಲ. ಮರುವರ್ಷ ನಮ್ಮ ಶಂಕರ್‌ನಾಗ್ ಅವರ ‘ಗೀತಾ’ ಬಂತು. ಇಳಯರಾಜ ಅವರು ಅದಕ್ಕೆ ಮಾಡಿದ ಕುಣಿತದ ಹಾಡನ್ನು ನುಡಿಸದ ಆರ್ಕೆಸ್ಟ್ರಾ ತುಮಕೂರಿನಲ್ಲಿ ಇರಲಿಲ್ಲ. ಹಿಂದಿ ಚಿತ್ರರಂಗದಲ್ಲಂತೂ ಡಿಸ್ಕೊ ಇಲ್ಲದ ಚಿತ್ರ ಅಪರೂಪವಾಗಿತ್ತು. 2011ರಲ್ಲಿ ಬ್ರಿಟನ್ನಿನ ‘ದಿ ಗಾರ್ಡಿಯನ್’ ಪತ್ರಿಕೆಯೊಡನೆ ಮಾತನಾಡುತ್ತ ಚರಣ್‌ಜಿತ್ ಸಿಂಗ್ ಅವರು ಇದನ್ನೇ ಹೇಳಿದರು: ಎಲ್ಲೆಲ್ಲೂ ಡಿಸ್ಕೊ ಇತ್ತು, ಅದನ್ನೇ ಬಳಸಿ ಬೇರೆ ಏನಾದರೂ ಮಾಡೋಣ ಎನ್ನಿಸಿತು, ರಾಗಗಳನ್ನು ನುಡಿಸಿ ತಬಲವನ್ನು ಬಿಟ್ಟು ಡಿಸ್ಕೊ ಲಯವನ್ನು ಕೊಟ್ಟೆ ಎಂದು. ಅವರ ಮಾತಿನಲ್ಲಿ ಕ್ರಾಂತಿಯ ಸದ್ದಿಲ್ಲ. ಒಳ್ಳೆಯ ಕಸುಬುದಾರ ಕೆಲಸವನ್ನು ವಿವರಿಸುವ ದನಿಯಿದೆ. ಆದರೆ ‘ತಬಲವನ್ನು ಬಿಟ್ಟು’ ಎಂಬಲ್ಲಿ ಬಹಳ ದೊಡ್ಡ ಸಂಗತಿಯೊಂದು ಅಡಗಿದೆ, ಅದನ್ನು ಸ್ವಲ್ಪ ಹೊತ್ತಿನಲ್ಲಿ ಬಿಡಿಸುತ್ತೇನೆ.

ಈಗ ಯಂತ್ರಗಳ ವಿಷಯ. ಇಡೀ ಆಲ್ಬಂ ನಿಂತಿರುವುದು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಉಪಕರಣಗಳ ಮೇಲೆ: ಟಿಆರ್-808 ಎಂಬ ಡ್ರಂ ಮಷೀನ್, ಟಿಬಿ-303 ಎಂಬ, ತಗ್ಗು ಸ್ವರಗಳನ್ನು ನುಡಿಸುವ ಬೇಸ್ ಪೆಟ್ಟಿಗೆ, ಜುಪಿಟರ್-8 ಎಂಬ ಸಿಂಥಸೈಜರ್. ಮೊದಲನೆಯದು 1980ರದು, ಉಳಿದೆರಡು 1981ರ ಹೊತ್ತಿನವು. ಎಂದರೆ ಸಿಂಗ್ ಅವರ ಕೈಯಲ್ಲಿ ಇದ್ದದ್ದು ಆಗಷ್ಟೇ ಬಂದ ಸರಕು. ಟಡಾವೊ ಕಿಕುಮೊಟೊ ಅವರು ವಿನ್ಯಾಸ ಮಾಡಿದ 303ರ ಉದ್ದೇಶ ಸರಳವಾಗಿತ್ತು: ಮನೆಯಲ್ಲಿ ಒಬ್ಬನೇ ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಬೇಸ್ ಗಿಟಾರಿನ ಜೊತೆ ಕೊಡುವುದು. ಆ ಕೆಲಸದಲ್ಲಿ ಅದು ಪೂರ್ತಿ ಸೋತಿತು. ಅದರ ಸದ್ದು ಬೇಸ್ ಗಿಟಾರಿನ ಹತ್ತಿರಕ್ಕೂ ಬರಲಿಲ್ಲ, ಅದಕ್ಕೆ ಪಾಠ ಹೇಳಿಕೊಡುವ ವಿಧಾನ ಯಾರಿಗೂ ಸುಲಭವಾಗಲಿಲ್ಲ, ಸುಮಾರು 10,000 ಪೆಟ್ಟಿಗೆಗಳನ್ನು ಮಾಡಿ 1984ರಲ್ಲಿ ಕಂಪನಿ ಕೈಬಿಟ್ಟಿತು. ಪಾಠ ಹೇಳಿಕೊಡುವ ವಿಧಾನ ಎಂದೆನಲ್ಲ, ಅದು ನನಗೆ ಸಂಗೀತದ ಮೊದಲ ಪಾಠವನ್ನು ನೆನಪಿಸುತ್ತದೆ: ಮೊದಲು ಸ್ವರಗಳನ್ನಷ್ಟೇ ಒಂದರ ಹಿಂದೆ ಒಂದರಂತೆ ಬರೆಸಬೇಕು, ಆಮೇಲೆ ಯಾವ ಸ್ವರ ಎಷ್ಟು ಕಾಲ ಎಂಬುದನ್ನು ಬೇರೆಯಾಗಿ ಹೇಳಬೇಕು, ಹದಿನಾರು ಹೆಜ್ಜೆಗಳ ಒಂದು ಆವರ್ತ ತುಂಬಿದ ಮೇಲೆ ಅದು ನಿಲ್ಲಿಸು ಎನ್ನುವವರೆಗೂ ಅದನ್ನೇ ನುಡಿಸುತ್ತಿರುತ್ತದೆ.

ಈ ಪೆಟ್ಟಿಗೆಯಲ್ಲಿ ಸ್ಲೈಡ್ ಎಂಬ ಒಂದು ಸೌಲಭ್ಯವಿದೆ. ಒಂದು ಹೆಜ್ಜೆಗೆ ಅದನ್ನು ಗುರುತು ಮಾಡಿದರೆ ಆ ಸ್ವರ ಮುಂದಿನ ಸ್ವರಕ್ಕೆ ಹಾರುವುದಿಲ್ಲ, ಜಾರುತ್ತದೆ. ಸಭೆಯಲ್ಲಿರುವ ಕರ್ನಾಟಕ ಸಂಗೀತದ ವಿದ್ಯಾರ್ಥಿಗಳಿಗೆ ‘ಜಾರು’ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಹಿಂದೂಸ್ತಾನಿಯವರು ಇದನ್ನು ಮೀಂಡ್ ಎನ್ನುತ್ತಾರೆ. ಇದು ನಮಗೇಕೆ ಮುಖ್ಯ? ನಮ್ಮ ಗುಬ್ಬಿಯನ್ನು ನೆನಪು ಮಾಡಿಕೊಳ್ಳಿ. 1884ರಲ್ಲಿ ಅಲ್ಲಿ ಹುಟ್ಟಿ ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ನಾಟಕ ಸಂಘದ ಕಾಲದಿಂದ ಇಂದಿನವರೆಗೆ ಈ ಜಿಲ್ಲೆಯ ರಂಗಸಂಗೀತದ ಆಸರೆ ಹಾರ್ಮೋನಿಯಂ. ಅದು ಹೊರಗಿನಿಂದ ಬಂದ ಪೆಟ್ಟಿಗೆ. ಅದರಲ್ಲಿ ಬೆರಳೊತ್ತುವ ಒಂದು ಮನೆಯಿಂದ ಇನ್ನೊಂದು ಮನೆಗೆ ಜಿಗಿಯಬಹುದೇ ಹೊರತು ಜಾರಲಾಗದು. ಈ ಕೊರತೆಯನ್ನು ಮುಂದಿಟ್ಟುಕೊಂಡು ಆಲ್ ಇಂಡಿಯಾ ರೇಡಿಯೊ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಬಾನುಲಿಯಿಂದ ಹೊರಗಿಟ್ಟಿತ್ತು. ಹಳ್ಳಿಯಲ್ಲಿ ಬೆಳಗಿನ ಜಾವದವರೆಗೆ ಕಂದಪದ್ಯಗಳಿಗೆ ಆಸರೆಯಾಗಿದ್ದ ವಾದ್ಯಕ್ಕೆ ನಗರದ ಸ್ಟುಡಿಯೊದಲ್ಲಿ ಪ್ರವೇಶವಿರಲಿಲ್ಲ. ಹೀಗಿರುವಾಗ ಅದೇ ಆಲ್ ಇಂಡಿಯಾ ರೇಡಿಯೊ ಬಾಗಿಲು ತೆರೆದ ಒಂದೇ ದಶಕದ ನಂತರ ಕೈಗೆ ಬಂದ ಹೊಸ ವಿದೇಶಿ ಪೆಟ್ಟಿಗೆಯಲ್ಲಿ, ಹಳೆಯ ವಿದೇಶಿ ಪೆಟ್ಟಿಗೆ ಕೊಡಲಾಗದ ಜಾರು ಇತ್ತು. ಪೂರ್ತಿ ಗಮಕವಲ್ಲ, ನಿಜ. ಯಂತ್ರದ ಜಾರು ಪ್ರತಿಸಲವೂ ಒಂದೇ ವೇಗದ್ದು. ಸ್ವರವನ್ನು ತೂಗಾಡಿಸುವ ಕಂಪಿತ ಅದಕ್ಕೆ ಗೊತ್ತಿಲ್ಲ. ಆದರೂ ಭೈರವದ ಕೋಮಲ ರಿಷಭದಿಂದ ಷಡ್ಜಕ್ಕೆ ಇಳಿಯುವಾಗ ಜಿಗಿತಕ್ಕೂ ಜಾರುವಿಕೆಗೂ ಇರುವ ಅಂತರ ರಾಗಕ್ಕೂ ಬರಿಯ ಸ್ವರಪಟ್ಟಿಗೂ ಇರುವ ಅಂತರ.

ರಾಗವೆಂದರೆ ಸ್ವರಪಟ್ಟಿಯಲ್ಲ, ಅದನ್ನು ಯಂತ್ರಕ್ಕೆ ಬರೆಸಲು ಬಾರದು ಎಂಬ ಆಕ್ಷೇಪವನ್ನು ನಾನು ಅನೇಕ ವಿದ್ವಾಂಸರಿಂದ ಕೇಳಿದ್ದೇನೆ. ಒಪ್ಪುತ್ತೇನೆ. ಆದರೆ ಸಿಂಗ್ ಅವರು ರಾಗವನ್ನು 303ಕ್ಕೆ ಬರೆಸಲು ಹೋಗಲೇ ಇಲ್ಲ. ಅವರು ಅದರಿಂದ ಮಾಡಿಸಿದ ಕೆಲಸ ಬೇರೆ. ತಬಲದ ಒಂಟಿ ವಾದನವನ್ನೋ ಕಥಕ್ ನೃತ್ಯವನ್ನೋ ನೋಡಿದವರಿಗೆ ‘ಲೆಹರಾ’ ಗೊತ್ತು. ಹಾರ್ಮೋನಿಯಂ ಅಥವಾ ಸಾರಂಗಿಯವರು ಒಂದು ಆವರ್ತದಷ್ಟು ಉದ್ದದ ಧಾಟಿಯೊಂದನ್ನು ಏನೂ ಬದಲಿಸದೆ ಗಂಟೆಗಟ್ಟಲೆ ನುಡಿಸುತ್ತಿರುತ್ತಾರೆ. ಅದರ ಮೇಲೆ ಕಲಾವಿದ ತನ್ನ ಲೆಕ್ಕಾಚಾರವನ್ನೆಲ್ಲ ಹೂಡುತ್ತಾನೆ. ಲೆಹರಾ ನುಡಿಸುವವನಿಗೆ ಬೇಕಾದ ದೊಡ್ಡ ಗುಣ ಅಲುಗಾಡದಿರುವುದು. 303 ಅಲುಗಾಡಲು ಬಾರದ ಯಂತ್ರ. ಈ ಆಲ್ಬಮ್ಮಿನಲ್ಲಿ ಅದು ಲೆಹರಾದ ಪೀಠದಲ್ಲಿ ಕುಳಿತಿದೆ, 808 ಠೇಕಾದ, ಎಂದರೆ ತಬಲದವನು ಹಿಡಿಯುವ ತಾಳದ, ಪೀಠದಲ್ಲಿ ಕುಳಿತಿದೆ, ಹಾಡುಗಾರನ ಪೀಠದಲ್ಲಿ ಜುಪಿಟರ್-8. ಆ ಮೂರನೆಯದರ ಮುಂದೆ ಮಾತ್ರ ಮನುಷ್ಯನಿದ್ದಾನೆ, ರಾಗ ಅವನ ಬೆರಳಲ್ಲಿದೆ. ಆಲಾಪದಂತೆ ತೆರೆದುಕೊಳ್ಳುವ ಮೊದಲ ಕೆಲವು ಕ್ಷಣ, ಆಮೇಲೆ ಲಯ ಹಿಡಿದ ಮೇಲೆ ವೇಗವಾಗಿ ಹರಿಯುವ ತಾನಗಳು, ಎಲ್ಲ ಆ ಬೆರಳುಗಳ ಕೆಲಸ. ನಿಮಗೆ ಇಂದು ಮೊದಲು ಕೇಳಿಸಿದ ಭೈರವದಲ್ಲಿ ಇದರ ಜೊತೆಗೆ ಯಂತ್ರದ ದನಿಯೊಂದು ‘ಓಂ ನಮಃ ಶಿವಾಯ’ ಎನ್ನುವುದನ್ನೂ ಕೇಳಿದಿರಿ. ಭೈರವ ಶಿವನ ರಾಗವೆಂಬ ನಂಬಿಕೆಗೆ ಅದು ತಲೆಬಾಗಿದಂತೆ. ಸಭೆಯಲ್ಲಿ ಕೆಲವರು ನಕ್ಕಿರಿ. ನನಗೂ ಮೊದಲ ಸಲ ನಗು ಬಂದಿತ್ತು.

ಈಗ ತಬಲಕ್ಕೆ ಬರೋಣ. 808ರ ಮುಂಭಾಗದಲ್ಲಿ ಹದಿನಾರು ಗುಂಡಿಗಳ ಒಂದು ಸಾಲಿದೆ: ನಾಲ್ಕು ಕೆಂಪು, ನಾಲ್ಕು ಕಿತ್ತಳೆ, ನಾಲ್ಕು ಹಳದಿ, ನಾಲ್ಕು ಬಿಳಿ. ತೀನ್‌ತಾಲದ ಹದಿನಾರು ಮಾತ್ರೆಗಳನ್ನು ನಾಲ್ಕು ವಿಭಾಗ ಮಾಡಿ ಬಣ್ಣ ಹಚ್ಚಿ ಮೇಜಿನ ಮೇಲಿಟ್ಟಂತೆ ಕಾಣುವ ಈ ಸಾಲನ್ನು ಮೊದಲ ಸಲ ಚಿತ್ರದಲ್ಲಿ ನೋಡಿದಾಗ ನನಗೆ ಅಚ್ಚರಿಯಾಯಿತು. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ತೀನ್‌ತಾಲದ ಮೂರನೆಯ ವಿಭಾಗ ‘ಖಾಲಿ’. ಒಂಬತ್ತನೆಯ ಮಾತ್ರೆಯ ಹೊತ್ತಿಗೆ ಎಡಗೈಯ ಡಗ್ಗಾದ ಗುಮ್ಮೆನ್ನುವ ನಾದ ಹಿಂದೆ ಸರಿಯುತ್ತದೆ, ಕೇಳುವವನ ಎದೆಯಲ್ಲಿ ಒಂದು ಕ್ಷಣ ನೆಲ ತಪ್ಪಿದಂತಾಗುತ್ತದೆ, ನಾದ ಮರಳಿ ಬಂದಾಗ ಆವರ್ತದ ಮೊದಲ ಪೆಟ್ಟಾದ ಸಮ್ ಹತ್ತಿರವಾಯಿತೆಂದು ತಿಳಿಯುತ್ತದೆ. ಡಿಸ್ಕೊ ಲಯದಲ್ಲಿ ಖಾಲಿ ಇಲ್ಲ. ಪ್ರತಿ ಪೆಟ್ಟಿಗೂ ಡೋಲು, ನಾಲ್ಕಕ್ಕೆ ನಾಲ್ಕೂ ತುಂಬಿದ ಪೆಟ್ಟು, ಅವುಗಳ ನಡುವಿನ ಸಂದಿಯಲ್ಲಿ ತಾಳದ ಝಲ್ಲೆನ್ನುವ ಸದ್ದು. ಅಂದರೆ ‘ತಬಲವನ್ನು ಬಿಟ್ಟೆ’ ಎಂದಾಗ ಸಿಂಗ್ ಅವರು ಬಿಟ್ಟದ್ದು ಒಂದು ವಾದ್ಯವನ್ನಲ್ಲ, ಆವರ್ತದೊಳಗಿನ ಏರಿಳಿತವನ್ನು. ಈ ಆಲ್ಬಮ್ಮಿನ ಬಗ್ಗೆ ನನಗಿರುವ ನಿಜವಾದ ತಕರಾರು ಇದೊಂದೇ. ಐದಾರು ರಾಗಗಳನ್ನು ಒಂದೇ ಸಮನೆ ಕೇಳಿದರೆ ಆಯಾಸವಾಗುವುದು ಸಿಂಥಸೈಜರಿನಿಂದಲ್ಲ, ಎಲ್ಲಿಯೂ ಕಾಲೂರದೆ ಒಂದೇ ಎತ್ತರದಲ್ಲಿ ಓಡುವ ಆ ಲಯದಿಂದ. ಮುಂದೆ ನೃತ್ಯಸಂಗೀತದ ನಿರ್ಮಾಪಕರು ಇದಕ್ಕೆ ಮದ್ದು ಕಂಡುಕೊಂಡರು. ಹಾಡಿನ ನಡುವೆ ಡೋಲನ್ನು ಅರ್ಧ ನಿಮಿಷವೋ ಒಂದು ನಿಮಿಷವೋ ಪೂರ್ತಿ ತೆಗೆದುಬಿಡುತ್ತಾರೆ, ಜನ ಕೈ ಮೇಲೆತ್ತಿ ಕಾಯುತ್ತಾರೆ, ಡೋಲು ಮರಳಿ ಬಿದ್ದಾಗ ಕೂಗುತ್ತಾರೆ. ಗಣೇಶನ ಮೆರವಣಿಗೆಯಲ್ಲಿ ಡಿಜೆ ಲಾರಿಯ ಮುಂದೆ ಕುಣಿಯುವ ನಮ್ಮ ಹುಡುಗರಿಗೂ ಆ ಕ್ಷಣ ಚೆನ್ನಾಗಿ ಗೊತ್ತು. ಅದು ದೊಡ್ಡ ಅಳತೆಯ ಖಾಲಿಯೇ ಎಂದು ನನಗೆ ಅನ್ನಿಸುತ್ತದೆ. ಆದರೆ ಸಿಂಗ್ ಅವರ ಎಲ್‌ಪಿ ತಟ್ಟೆಯಲ್ಲಿ ಅದು ಇನ್ನೂ ಬಂದಿರಲಿಲ್ಲ.

ಆಲ್ಬಮ್ಮಿನ ಹೊರಮೈಯನ್ನು ನೋಡೋಣ. ಎಲ್‌ಪಿ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಒಂದು ಬದಿಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷದ ಸಂಗೀತವನ್ನು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ತುರುಕಿದರೆ ಗೀರುಗಳು ಒತ್ತೊತ್ತಾಗಿ ಬೇಸ್ ಸೊರಗುತ್ತದೆ. ಈ ಕಾರಣಕ್ಕೇ ಡಿಸ್ಕೊ ಕಾಲದಿಂದ ಕುಣಿತದ ಮನೆಗಳಲ್ಲಿ ಓಡಿದ್ದು ಆಲ್ಬಮ್ಮುಗಳಲ್ಲ, ಒಂದೊಂದೇ ಹಾಡನ್ನು ಅಗಲವಾದ ಗೀರಿನಲ್ಲಿ ಕೆತ್ತಿದ 12 ಇಂಚಿನ ತಟ್ಟೆಗಳು. ಡಿಜೆಗೆ ಬೇಕಾದ್ದು ಬಿಡಿ ಹಾಡು. ಅವನು ಅದನ್ನು ಇನ್ನೊಂದರ ಬಾಲಕ್ಕೆ ಹೊಸೆದು ರಾತ್ರಿಯನ್ನು ತಾನೇ ಕಟ್ಟುತ್ತಾನೆ. ಹೀಗಾಗಿ ನೃತ್ಯಸಂಗೀತದ ನಿರ್ಮಾಪಕನೊಬ್ಬ ಸ್ಟುಡಿಯೊ ಆಲ್ಬಂ ಮಾಡುತ್ತಾನೆಂದರೆ ಅವನು ಡಿಜೆಯ ಕೆಲಸವನ್ನು, ಎಂದರೆ ಯಾವುದರ ನಂತರ ಯಾವುದು ಎಂಬ ನಿರ್ಧಾರವನ್ನು, ತಾನೇ ವಹಿಸಿಕೊಳ್ಳುತ್ತಾನೆ. ಹೆಚ್ಚಿನ ಆಲ್ಬಮ್ಮುಗಳು ಇಲ್ಲೇ ಬೀಳುತ್ತವೆ. ನಾಲ್ಕು ಗೆದ್ದ ಹಾಡುಗಳ ನಡುವೆ ಆರು ಭರ್ತಿ ಸಾಮಾನು.

ಸಿಂಗ್ ಅವರ ಕ್ರಮ ಹೀಗಿದೆ. ಮೊದಲ ಬದಿಯಲ್ಲಿ ಭೈರವ, ಲಲಿತ್, ಭೂಪಾಲಿ, ತೋಡಿ, ಮಧುವಂತಿ. ಎರಡನೆಯ ಬದಿಯಲ್ಲಿ ಮೇಘ್ ಮಲ್ಹಾರ್, ಯಮನ್, ಕಲಾವತಿ, ಮಾಲ್‌ಕೌಂಸ್, ಬೈರಾಗಿ. ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಗಳಿಗೆ ಹೊತ್ತು ಗೊತ್ತುಮಾಡಿದ್ದಾರೆಂಬುದನ್ನು ನೆನಪಿಟ್ಟು ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಭೈರವ ಮತ್ತು ಲಲಿತ್ ಬೆಳಗಿನ ಜಾವದವು, ತೋಡಿ ಬಿಸಿಲೇರುವ ಹೊತ್ತಿನದು, ಮಧುವಂತಿ ಇಳಿಹೊತ್ತಿನದು. ತಟ್ಟೆ ಮಗುಚಿದರೆ ಮೊದಲು ಮೇಘ್ ಮಲ್ಹಾರ್‌ನ ಮಳೆ, ಆಮೇಲೆ ಯಮನ್‌ನ ಮುಸ್ಸಂಜೆ, ಕಲಾವತಿಯ ರಾತ್ರಿ, ಮಾಲ್‌ಕೌಂಸ್‌ನ ನಡುರಾತ್ರಿ, ಕೊನೆಗೆ ಬೈರಾಗಿಯಲ್ಲಿ ಮತ್ತೆ ಬೆಳಗು. ಭೂಪಾಲಿ ಒಂದೇ ತನ್ನ ಹೊತ್ತು ತಪ್ಪಿ ಬೆಳಗಿನ ಸಾಲಿನಲ್ಲಿ ಕುಳಿತಿದೆ. ಅದು ರಾತ್ರಿಯ ಮೊದಲ ಜಾವದ ರಾಗ. ಅದು ಅಲ್ಲಿಗೆ ಬಂದದ್ದು ಏಕೆಂದು ಯೋಚಿಸುವಾಗ ನನಗೆ ಹೊಳೆಯುವುದು ಕಸುಬಿನ ಉತ್ತರ: ಲಲಿತ್ ಮತ್ತು ತೋಡಿ ಎರಡೂ ಕಿವಿಗೆ ಭಾರವಾದ, ಒತ್ತೊತ್ತಿನ ಸ್ವರಗಳ ರಾಗಗಳು, ಅವೆರಡರ ನಡುವೆ ಐದೇ ಸ್ವರದ ತಿಳಿಯಾದ ರಾಗವೊಂದನ್ನು ಇಟ್ಟರೆ ಕೇಳುವವನಿಗೆ ಉಸಿರು ಸಿಗುತ್ತದೆ. ಕಛೇರಿಯಲ್ಲಿ ತೋಡಿ ಹಾಡಿದ ಮೇಲೆ ನಮ್ಮವರೂ ಮೋಹನವನ್ನೋ ಹಂಸಧ್ವನಿಯನ್ನೋ ಎತ್ತಿಕೊಳ್ಳುವುದಿಲ್ಲವೆ? ಅಂದಹಾಗೆ ಭೂಪಾಲಿ ಎಂದರೆ ನಮ್ಮ ಮೋಹನವೇ. ಭೈರವಕ್ಕೆ ಹತ್ತಿರದ್ದು ಮಾಯಾಮಾಳವಗೌಳ, ಯಮನ್‌ಗೆ ಕಲ್ಯಾಣಿ, ಮಾಲ್‌ಕೌಂಸ್‌ಗೆ ಹಿಂದೋಳ, ಬೈರಾಗಿಗೆ ರೇವತಿ. ಅವರ ತೋಡಿ ಮಾತ್ರ ನಮ್ಮ ತೋಡಿಯಲ್ಲ, ನಮ್ಮ ಶುಭಪಂತುವರಾಳಿಯ ಸ್ವರಗಳದು. ಮನೆಗೆ ಹೋಗಿ ಕೇಳುವವರು ಈ ಒಂದು ಕಡೆ ಮೋಸ ಹೋಗಬೇಡಿ.

ಲಲಿತ್ ಮತ್ತು ಮಾಲ್‌ಕೌಂಸ್ ಎರಡರಲ್ಲೂ ಪಂಚಮವಿಲ್ಲ. ಡಿಸ್ಕೊದ ಬೇಸ್ ಸಾಲು ಸಾಮಾನ್ಯವಾಗಿ ಷಡ್ಜ ಪಂಚಮಗಳ ಮೇಲೆ ಕಾಲಿಟ್ಟು ನಡೆಯುವಂಥದು. ಕೀಬೋರ್ಡ್ ನುಡಿಸುವ ನಮ್ಮ ಎಡಗೈ ನಿದ್ದೆಯಲ್ಲೂ ಆ ಎರಡು ಮನೆಗಳಿಗೇ ಹೋಗುತ್ತದೆ. ತಂಬೂರಿಯವರು ಇಂಥ ರಾಗಗಳಿಗೆ ಮೊದಲ ತಂತಿಯನ್ನು ಪಂಚಮದಿಂದ ಮಧ್ಯಮಕ್ಕೆ ಇಳಿಸಿಕೊಳ್ಳುತ್ತಾರೆ. ಹಾಗೆ ನೋಡಿದರೆ ಡಿಸ್ಕೊ ಮಾಡುತ್ತೇನೆಂದು ಹೊರಟವನು ಹಿಂದೂಸ್ತಾನಿಯ ನೂರಾರು ರಾಗಗಳಲ್ಲಿ ಇವೆರಡನ್ನು ಆರಿಸಿಕೊಳ್ಳಬೇಕಾದ ಅಗತ್ಯವೇ ಇರಲಿಲ್ಲ. ಸುಲಭದ ಹತ್ತು ರಾಗಗಳ ಪಟ್ಟಿ ನಮ್ಮ ಯಾವ ಆರ್ಕೆಸ್ಟ್ರಾದವನೂ ಎರಡು ನಿಮಿಷದಲ್ಲಿ ಬರೆದುಕೊಡುತ್ತಾನೆ. ಈ ಆಯ್ಕೆಯನ್ನು ಕಂಡ ಮೇಲೆ ಇದು ಮಾರುಕಟ್ಟೆಗಾಗಿ ಮಾಡಿದ ತಮಾಷೆಯ ತಟ್ಟೆ ಎಂಬ ಮಾತನ್ನು ನಾನು ನಂಬುವುದಿಲ್ಲ.

ಇನ್ನು ಯುರೋಪಿನವರು ಬೆಚ್ಚಿಬಿದ್ದ ಕಾರಣ. 1980ರ ದಶಕದ ನಡುವಿನಲ್ಲಿ ಅಮೆರಿಕದ ಷಿಕಾಗೊ ನಗರದ ‘ಫ್ಯೂಚರ್’ ಎಂಬ ತಂಡದ ಮೂವರು ಯುವಕರ ಕೈಗೆ ಬಳಸಿ ಬಿಟ್ಟ ಒಂದು 303 ಸಿಕ್ಕಿತು. ಕಂಪನಿಯೇ ಕೈಬಿಟ್ಟ ಪೆಟ್ಟಿಗೆಯಾದ್ದರಿಂದ ಅಗ್ಗವಾಗಿತ್ತು. ಅದು ನುಡಿಯುತ್ತಿರುವಾಗಲೇ ಅವರು ಅದರ ಫಿಲ್ಟರಿನ ಗುಂಡಿಗಳನ್ನು ತಿರುಗಿಸುತ್ತ ಹೋದರು. ಸದ್ದು ಹಿಂಡಿದಂತೆ, ಕಿರುಚಿದಂತೆ, ನೀರಿನಲ್ಲಿ ಮುಳುಗಿ ಎದ್ದಂತೆ ಬದಲಾಗತೊಡಗಿತು. ಆ ಧ್ವನಿಮುದ್ರಣವನ್ನು ರಾನ್ ಹಾರ್ಡಿ ಎಂಬ ಡಿಜೆ ತಮ್ಮ ಕ್ಲಬ್ಬಿನಲ್ಲಿ ಮತ್ತೆ ಮತ್ತೆ ಹಾಕಿ ಜನರಿಗೆ ರುಚಿ ಹಿಡಿಸಿದರು, 1987ರಲ್ಲಿ ಅದು ‘ಆಸಿಡ್ ಟ್ರ್ಯಾಕ್ಸ್’ ಎಂಬ ಹೆಸರಿನಲ್ಲಿ ತಟ್ಟೆಯಾಗಿ ಬಂತು, ‘ಆಸಿಡ್ ಹೌಸ್’ ಎಂಬ ಪ್ರಕಾರವೇ ಹುಟ್ಟಿತು, ಮರುವರ್ಷದ ಬೇಸಿಗೆಯಲ್ಲಿ ಬ್ರಿಟನ್ ಅದರ ಹುಚ್ಚಿನಲ್ಲಿತ್ತು. ಈಗ ಲೆಕ್ಕ ಹಾಕಿ. 1982ರಲ್ಲೇ ಮುಂಬೈಯಲ್ಲಿ ಒಬ್ಬರು ಅದೇ 303ನ್ನೂ ಅದೇ 808ನ್ನೂ ಜೋಡಿಸಿ ಅದೇ ಬಗೆಯ ಸದ್ದು ತೆಗೆದಿದ್ದಾರೆ. ಕೆಲವರು ಇದನ್ನು ನಂಬಲೇ ಇಲ್ಲ; ಏಫೆಕ್ಸ್ ಟ್ವಿನ್ ಎಂಬ ಹೆಸರಿನ ಬ್ರಿಟಿಷ್ ಸಂಗೀತಗಾರ ಹಳೆಯ ತಟ್ಟೆಯಂತೆ ತೋರಿಸಿ ಮಾಡಿದ ಕೀಟಲೆ ಇದು ಎಂದು ಗುಮಾನಿಪಟ್ಟರು. ನಂಬಿದವರು ‘ಆಸಿಡ್ ಹೌಸ್ ಅನ್ನು ಕಂಡುಹಿಡಿದ ಭಾರತೀಯ’ ಎಂದು ಹೊಗಳಿದರು. ನಮ್ಮ ಪತ್ರಿಕೆಗಳೂ ಅದನ್ನೇ ಹಿಡಿದುಕೊಂಡವು.

ನನಗೆ ಈ ಪಟ್ಟ ಒಪ್ಪಿಗೆಯಿಲ್ಲ, ಎರಡು ಕಾರಣಕ್ಕೆ. ಷಿಕಾಗೊದವರು ಸಿಂಗ್ ಅವರ ತಟ್ಟೆಯನ್ನು ಕೇಳಿರಲಿಲ್ಲ. ಆ ಪ್ರಕಾರ ಅವರ ಕುಣಿತದ ಮನೆಗಳಲ್ಲಿ, ಅವರ ಬೆವರಿನಲ್ಲಿ ಹುಟ್ಟಿದ್ದು. ಅವರಿಂದ ಅದನ್ನು ಕಿತ್ತು ನಮ್ಮವರಿಗೆ ಕೊಡುವುದು ನ್ಯಾಯವಲ್ಲ. ಇನ್ನೊಂದು ಕಾರಣ ಸಂಗೀತದ್ದು, ನನಗೆ ಅದೇ ಹೆಚ್ಚು ಮುಖ್ಯ. ಷಿಕಾಗೊದವರ ಕೈಯಲ್ಲಿ ಸ್ವರಗಳು ಬದಲಾಗುವುದಿಲ್ಲ, ಸ್ವರದ ಬಣ್ಣ ಬದಲಾಗುತ್ತದೆ. ಅವರ ಕಲೆ ಇರುವುದು ಫಿಲ್ಟರಿನ ಗುಂಡಿಯಲ್ಲಿ. ಸಿಂಗ್ ಅವರಲ್ಲಿ ಮುಖ್ಯವಾಗಿ ಬೆಳೆಯುವುದು ಧಾಟಿ. 303 ತಳದಲ್ಲಿ ತನ್ನ ಲೆಹರಾ ಹಿಡಿದಿರುತ್ತದೆ, ಕಿವಿ ಹಿಂಬಾಲಿಸುವುದು ಮೇಲಿನ ಬೆರಳುಗಳನ್ನು. ಒಂದೇ ಕೊಡಲಿಯಿಂದ ಒಬ್ಬ ಸೌದೆ ಒಡೆದ, ಇನ್ನೊಬ್ಬ ತೊಲೆ ಕೆತ್ತಿದ ಎಂದರೆ ಇಬ್ಬರದೂ ಒಂದೇ ಕೆಲಸ ಎನ್ನಲಾದೀತೆ? ‘ಮೊದಲಿಗ’ ಎಂಬ ಪಟ್ಟವನ್ನು ಕೊಟ್ಟ ಕೂಡಲೇ ನಾವು ಈ ತಟ್ಟೆಯಲ್ಲಿ ಮುಂದೆ ಬರಲಿರುವ ಬೇರೊಂದರ ಸುಳಿವನ್ನಷ್ಟೇ ಹುಡುಕತೊಡಗುತ್ತೇವೆ. ಹತ್ತು ರಾಗಗಳ ಕ್ರಮ, ಪಂಚಮವಿಲ್ಲದ ರಾಗಗಳ ಧೈರ್ಯ, ಖಾಲಿಯ ಕೊರತೆ, ಇವು ಯಾವುವೂ ಆಗ ಕೇಳಿಸುವುದಿಲ್ಲ. ಅವರು ತಮ್ಮ ಹೆಸರಿನಲ್ಲಿ, ತಮ್ಮದೇ ವಸ್ತುವಿಟ್ಟುಕೊಂಡು ಮಾಡಿದ ಆಲ್ಬಮ್ಮನ್ನೂ ಕೊನೆಗೆ ಬೇರೆಯವರ ಕಥೆಯ ಮುನ್ನುಡಿಯಾಗಿಯೇ ಕೇಳಿದರೆ, ಅವರನ್ನು ಮತ್ತೊಮ್ಮೆ ‘ಮತ್ತು ವೃಂದ’ಕ್ಕೆ ಕಳಿಸಿದಂತಾಗುತ್ತದೆ.

ಇದಕ್ಕೆ ಸರಿಯಾಗಿ ತಿರುಗುಮುರುಗಾದ ಇನ್ನೊಂದು ಆಲ್ಬಮ್ಮಿದೆ. ಫ್ರಾನ್ಸಿನ ಡಾಫ್ಟ್ ಪಂಕ್ ಜೋಡಿ 2013ರಲ್ಲಿ ತಮ್ಮ ನಾಲ್ಕನೆಯ ಸ್ಟುಡಿಯೊ ಆಲ್ಬಂ ‘ರ‍್ಯಾಂಡಮ್ ಆಕ್ಸೆಸ್ ಮೆಮರೀಸ್’ ಅನ್ನು ತಂದರು. ಯಂತ್ರಗಳಿಂದ ಹೆಸರು ಮಾಡಿ, ಯಂತ್ರಮಾನವರ ಶಿರಸ್ತ್ರಾಣವನ್ನೇ ತೊಟ್ಟು ವೇದಿಕೆಗೆ ಬರುತ್ತಿದ್ದ ಆ ಇಬ್ಬರು ಈ ಸಲ ಡಿಸ್ಕೊ ಕಾಲದ ಗಿಟಾರ್ ವಾದಕ ನೈಲ್ ರಾಡ್ಜರ್ಸ್, ಬೇಸ್ ವಾದಕ ನೇಥನ್ ಈಸ್ಟ್, ಡ್ರಂ ವಾದಕ ಒಮರ್ ಹಕೀಮ್ ಮುಂತಾದ ಪಳಗಿದ ಕೈಗಳನ್ನು ಕರೆಸಿ ಸ್ಟುಡಿಯೊದಲ್ಲಿ ಕೂರಿಸಿ ನುಡಿಸಿದರು. 2014ರ ಜನವರಿಯಲ್ಲಿ ಅದಕ್ಕೆ ವರ್ಷದ ಆಲ್ಬಮ್ಮಿನ ಗ್ರ್ಯಾಮಿ ಬಂತು. ಯಂತ್ರದವರು ಕೊನೆಗೆ ವೃಂದವನ್ನು ಹುಡುಕಿಕೊಂಡು ಹೋದರು. ವೃಂದದಲ್ಲಿದ್ದವರು ಮೂವತ್ತು ವರ್ಷ ಮೊದಲೇ ಯಂತ್ರವನ್ನು ಹುಡುಕಿಕೊಂಡು ಹೋಗಿದ್ದರು. ಎರಡನ್ನೂ ಒಂದೇ ವಾರ ಕೇಳಿ ನೋಡಿ. ಫ್ರೆಂಚರ ಆಲ್ಬಂ ಹೆಚ್ಚು ಸೊಗಸಾಗಿದೆ, ಅನುಮಾನವಿಲ್ಲ. ಅದರ ಡ್ರಮ್ಮಿಗೆ ಉಸಿರಿದೆ. ಆದರೆ ನಾನು ಮರಳಿ ಮರಳಿ ಹೋಗುವುದು ಮಾಲ್‌ಕೌಂಸ್‌ಗೆ.

ಮರುಮುದ್ರಣದ ನಂತರ ಸಿಂಗ್ ಅವರು ವಿದೇಶಗಳಲ್ಲಿ ಈ ರಾಗಗಳನ್ನು ವೇದಿಕೆಯ ಮೇಲೆ ನುಡಿಸಿದರು. ಎಪ್ಪತ್ತು ದಾಟಿದ ವಾದಕರ ಮುಂದೆ ಇಪ್ಪತ್ತರ ಹುಡುಗರು ಕುಣಿದರು. 2015ರ ಜುಲೈಯಲ್ಲಿ ಮುಂಬೈಯಲ್ಲಿ ಅವರು ತೀರಿಕೊಂಡರು.

ಉಪನ್ಯಾಸದ ನಂತರ ನಡೆದ ಒಂದು ಮಾತುಕತೆಯನ್ನು ಇಲ್ಲಿ ದಾಖಲಿಸುತ್ತೇನೆ. ನಾನು ಯಾರ ಪಕ್ಕದಲ್ಲಿ ಕೀಬೋರ್ಡ್ ಇಟ್ಟುಕೊಂಡು ಹದಿನೆಂಟು ವರ್ಷ ಕುಳಿತೆನೋ ಆ ಹಾರ್ಮೋನಿಯಂ ಮೇಷ್ಟ್ರು ಮುಂದಿನ ಸಾಲಿನಲ್ಲಿದ್ದರು. ಬೈರಾಗಿಯನ್ನು ಕೇಳಿಸುವಾಗ ಅವರ ಬಲಗೈ ಬೆರಳುಗಳು ಕುರ್ಚಿಯ ತೋಳಿನ ಮೇಲೆ ರೇವತಿಯ ಮನೆಗಳನ್ನು ಒತ್ತುತ್ತಿದ್ದುದನ್ನು ವೇದಿಕೆಯಿಂದಲೇ ನೋಡಿದ್ದೆ. ಎಲ್ಲರೂ ಎದ್ದ ಮೇಲೆ ಹತ್ತಿರ ಕರೆದು, “ಜಾರು ಕೊಡುತ್ತದೆ ಅಂದೆಯಲ್ಲಪ್ಪ, ಆ ಪೆಟ್ಟಿಗೆ ಈಗ ಎಷ್ಟಕ್ಕೆ ಸಿಗುತ್ತದೆ?” ಎಂದು ಕೇಳಿದರು. ಅಸಲು 303 ಬೇಕೆಂದರೆ ಸಂಗ್ರಾಹಕರಿಗೆ ಲಕ್ಷಗಟ್ಟಲೆ ಎಣಿಸಬೇಕಾಗುತ್ತದೆ, ಆದರೆ ಅದೇ ಸದ್ದಿನ ಹೊಸ ನಕಲುಗಳು ಈಗ ಬಂದಿವೆ, ಅವು ಒಂದು ಸಾಧಾರಣ ಕೀಬೋರ್ಡಿಗಿಂತ ದುಬಾರಿಯಲ್ಲ ಮೇಷ್ಟ್ರೇ ಎಂದೆ. ಅವರು ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಆಮೇಲೆ ಶಲ್ಯವನ್ನು ಹೆಗಲಿಗೆ ಹಾಕಿಕೊಂಡು, “ಈ ವರ್ಷದ ನಾಟಕಗಳು ಮುಗಿಯಲಿ, ನೋಡೋಣ” ಎಂದರು.